ಕುದುರೆಯ ಮೇಲೆ ಉತ್ತರ ಕೊಡದ ಹುಡುಗಿ

ಕೋವಿಡ್ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಮೈಸೂರಿನ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಿಂದ ನಿವೃತ್ತಳಾದೆ. ಮನೆಯಲ್ಲಿ ಕೂತು ಅಭ್ಯಾಸವಿಲ್ಲದವಳು. ಆ ಬೇಸಿಗೆಯಲ್ಲೇ ನಂಜನಗೂಡಿನಿಂದ ಕಳಲೆಗೆ ಹೋಗುವ ದಾರಿಯಲ್ಲಿ ವಿಕಲಚೇತನರಿಗೆಂದು ಹೊಸದಾಗಿ ಶುರುವಾಗಿದ್ದ ಒಂದು ಸಣ್ಣ ಕುದುರೆ ಚಿಕಿತ್ಸಾ ಕೇಂದ್ರಕ್ಕೆ ಥೆರಪಿಸ್ಟ್ ಆಗಿ ಸೇರಿಕೊಂಡೆ.

ಕೇಂದ್ರ ಎಂದರೆ ದೊಡ್ಡ ಕಟ್ಟಡವೇನೂ ಇರಲಿಲ್ಲ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಶೆಡ್ಡನ್ನು ಲಾಯ ಮಾಡಿದ್ದರು. ಅದರ ಮುಂದೆ ಮರಳು ಹಾಸಿ, ಸುತ್ತ ಬೇಲಿ ಹಾಕಿದ ಅಂಗಳ. ಎರಡು ಕುದುರೆ. ಅವುಗಳಲ್ಲಿ ಚಾಂದನಿ ಎಂಬ ಕೆಂಚು ಹೆಣ್ಣುಕುದುರೆ ಮೈಸೂರಿನಲ್ಲಿ ವರ್ಷಗಟ್ಟಲೆ ಟಾಂಗಾ ಎಳೆದದ್ದು. ಬಸ್ಸಿನ ಹಾರ್ನಿಗಾಗಲಿ ಪಟಾಕಿಗಾಗಲಿ ಬೆದರುತ್ತಿರಲಿಲ್ಲ. ಅದನ್ನು ಓಡಿಸುತ್ತಿದ್ದ ಖಲೀಲ್ ಅವರೂ ಅದರ ಜೊತೆಗೇ ನಮ್ಮಲ್ಲಿಗೆ ಬಂದಿದ್ದರು.

ಹಿಪ್ಪೋಥೆರಪಿ, ಅಂದರೆ ಕುದುರೆಯ ನಡಿಗೆಯಿಂದ ಮಾಡುವ ಈ ಚಿಕಿತ್ಸೆ, ಕುದುರೆ ಸವಾರಿ ಕಲಿಸುವುದಲ್ಲ. ನಾವು ನಡೆಯುವಾಗ ನಮ್ಮ ಸೊಂಟ ಹಿಂದೆ ಮುಂದೆ, ಅಕ್ಕಪಕ್ಕ, ಕೊಂಚ ತಿರುಗುತ್ತಲೂ ಆಡುತ್ತದೆ. ನಿಧಾನವಾಗಿ ನಡೆಯುವ ಕುದುರೆಯ ಬೆನ್ನು ಮೇಲೆ ಕೂತವರ ಸೊಂಟವನ್ನು ಹೆಚ್ಚುಕಡಿಮೆ ಹಾಗೆಯೇ ಆಡಿಸುತ್ತದೆ. ಎಂದೂ ನಡೆದಿರದ ಮಗುವಿನ ಬೆನ್ನು, ಹೊಟ್ಟೆ, ಕುತ್ತಿಗೆಯ ಸ್ನಾಯುಗಳು ಬೀಳದಿರಲು ತಾವಾಗಿಯೇ ಕೆಲಸಕ್ಕೆ ತೊಡಗುತ್ತವೆ. ಕುದುರೆಯ ಮೈಬಿಸಿಗೆ ಬಿಗಿದ ತೊಡೆಗಳು ಸಡಿಲವಾಗುತ್ತವೆ. ಆಸ್ಪತ್ರೆಯ ಮಂಚದ ಮೇಲೆ ನಾನು ತಿಂಗಳುಗಟ್ಟಲೆ ಹೇಳಿಕೊಟ್ಟರೂ ಬಾರದ್ದು ಕೆಲವರಿಗೆ ಇಲ್ಲಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಒಬ್ಬರು ಹಗ್ಗ ಹಿಡಿದು ಕುದುರೆ ನಡೆಸುತ್ತಾರೆ, ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಸವಾರರ ಕಾಲಿಗೆ ಕೈಯಿಟ್ಟು ನಡೆಯುತ್ತಾರೆ. ನಮ್ಮಲ್ಲಿ ಹಗ್ಗ ಖಲೀಲರದು, ಎಡಗಡೆ ನಾನು, ಬಲಗಡೆ ಸುನೀತಾ ಎಂಬ ಸಹಾಯಕಿ.

ಮುಂಗಾರು ಶುರುವಾದ ಮೇಲೆ ಪಲ್ಲವಿ ಬಂದಳು. ತಿರುಮಕೂಡಲು ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಮಲ್ಲಪ್ಪ ಎಂಬವರ ಒಬ್ಬಳೇ ಮಗಳು. ಎಂಟನೇ ಕ್ಲಾಸು. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಸೆರೆಬ್ರಲ್ ಪಾಲ್ಸಿ ಆಗಿತ್ತು. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ಬೆನ್ನಿಗೆ ಆಧಾರವಿಲ್ಲದಿದ್ದರೆ ಪಕ್ಕಕ್ಕೆ ವಾಲಿಬಿಡುತ್ತಿದ್ದಳು. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ಬುದ್ಧಿ ಚುರುಕು. ಓದಿನಲ್ಲಿ ತರಗತಿಗೆ ಯಾವಾಗಲೂ ಮೊದಲ ಸಾಲಿನವಳು. ಶಾಲೆಯಲ್ಲಿ ಅವಳು ಜಾರದಂತೆ ತಾಯಿ ಮಂಜುಳಾ ಹಳೆಯ ಸೀರೆಯ ತುಂಡಿನಿಂದ ಅವಳನ್ನು ಕುರ್ಚಿಗೆ ಕಟ್ಟಿ ಬರುತ್ತಿದ್ದರು.

ಶಿವಮಲ್ಲಪ್ಪನವರು ಕಾರಿನಿಂದ ಇಳಿದವರೇ ಕೇಳಿದ್ದು ಒಂದೇ ಪ್ರಶ್ನೆ. "ಕುದ್ರೆ ಮ್ಯಾಲೆ ಕೂರ್ಸುದ್ರೆ ನಮ್ ಮಗೀಗೆ ಕಾಲು ಬತ್ತದಾ ಮೇಡಮ್ಮೋರೆ?"

"ಬರುತ್ತೆ ಅಂತ ನಾನು ಹೇಳಲ್ಲ. ಈ ತೊಂದರೆ ವಾಸಿ ಆಗೋದಲ್ಲ. ಕೂರೋದು ಸುಧಾರಿಸಬಹುದು."

ಅವರ ಮುಖ ಸಪ್ಪಗಾಯಿತು. ನಾನು ಪಲ್ಲವಿಯ ಎದುರಿಗೆ ಸ್ಟೂಲು ಎಳೆದುಕೊಂಡು, "ನಿನಗೇನು ಬೇಕು?" ಎಂದೆ. ಅವಳು ಬಾಯಿ ಸರಿಮಾಡಿಕೊಂಡು ಹೇಳಲು ತುಸು ಹೊತ್ತು ಹಿಡಿಯಿತು. "ಕಟ್ಟಾಕ್ದೆ... ಕೂತ್ಕೋಬೇಕು."

ವಾರಕ್ಕೆ ಎರಡು ಸಲ ಬರಲು ಶುರು ಮಾಡಿದರು. ಮೊದಲ ದಿನ ಗಾಲಿಕುರ್ಚಿ ಹತ್ತಿಸಲೆಂದು ಕಟ್ಟಿದ್ದ ಇಳಿಜಾರು ಕಟ್ಟೆಯ ಮೇಲಿಂದ ಅವಳನ್ನು ಚಾಂದನಿಯ ಬೆನ್ನಿಗೆ ದಾಟಿಸುವಾಗ ಮಂಜುಳಾ ನೋಡಲಾರದೆ ಬೇಲಿಗೆ ಬೆನ್ನು ಮಾಡಿ ನಿಂತುಬಿಟ್ಟರು. ತೊಡೆಗಳು ಎಷ್ಟು ಬಿಗಿದಿದ್ದವೆಂದರೆ ಕಾಲು ಅಗಲಿಸಿ ಕೂರಿಸಲಿಕ್ಕೇ ಬಹಳ ಹೊತ್ತು ಬೇಕಾಯಿತು. ಕುದುರೆಯ ಹೊಟ್ಟೆಗೆ ಸುತ್ತಿದ ಪಟ್ಟಿಯಲ್ಲಿ ಹಿಡಿಯಲು ಎರಡು ಹಿಡಿಗಳಿರುತ್ತವೆ. ಪಲ್ಲವಿ ಬೆರಳು ಬೆಳ್ಳಗಾಗುವಂತೆ ಅವನ್ನು ಹಿಡಿದುಕೊಂಡಿದ್ದಳು. ಒಂದು ಸುತ್ತು ಮುಗಿಯುವುದರೊಳಗೆ ಗೋಳೆಂದು ಅತ್ತಳು. ಇಳಿಸಲೇ ಎಂದರೆ ತಲೆಯಾಡಿಸಿ ಬೇಡವೆಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬದಲಾವಣೆ ನನಗೆ ಮಾತ್ರವಲ್ಲ, ಬೇಲಿಯಾಚೆ ನಿಂತವರಿಗೂ ಕಾಣುತ್ತಿತ್ತು. ಎದೆಯ ಮೇಲೆ ಬೀಳುತ್ತಿದ್ದ ತಲೆ ಎತ್ತಿ ನಿಂತಿತ್ತು. ಕಾಲು ಬಿಡಿಸುವುದು ಸುಲಭವಾಗಿತ್ತು. ಮನೆಯಲ್ಲಿ ಊಟದ ಹೊತ್ತಿಗೆ ಸ್ವಲ್ಪ ಕಾಲ ಕಟ್ಟದೆಯೇ ಕೂರುತ್ತಾಳೆ, ಅನ್ನ ನುಂಗುವುದೂ ಸಲೀಸಾಗಿದೆ ಎಂದು ಮಂಜುಳಾ ಹೇಳಿದರು. ಶಿವಮಲ್ಲಪ್ಪನವರು ಕಾಲಿನ ಮಾತು ಬಿಟ್ಟು, ಚಾಂದನಿಗೆ ಕ್ಯಾರೆಟ್ ತರತೊಡಗಿದರು.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅಭ್ಯಾಸ ಮುಗಿದು ಪಲ್ಲವಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ನಾವು ಕಾಫಿ ಕುಡಿಯುತ್ತಿದ್ದೆವು. ಮಂಜುಳಾ ಮಗಳ ಹಣೆ ಮುಟ್ಟಿ ನೋಡಿ ತಮ್ಮಷ್ಟಕ್ಕೆ ಎಂಬಂತೆ ಅಂದರು: "ನೆನ್ನೆ ಮೈ ಬೆಚ್ಚಗಿತ್ತು. ಚಿಕ್ಕೋಳಾಗಿದ್ದಾಗ ಜ್ವರ ಬಂದ್ರೆ ಫಿಟ್ಸ್ ಬಂದ್ಬುಡ್ತಿತ್ತಲ್ಲ, ಅದ್ಕೇ ಭಯ ಆಯ್ತು."

ನಾನು ಲೋಟ ಕೆಳಗಿಟ್ಟೆ.

ಸೇರಿಸಿಕೊಳ್ಳುವಾಗ ನಾನು ಎಲ್ಲರನ್ನೂ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು: ಫಿಟ್ಸ್ ಬಂದಿದೆಯೇ, ಈಗಲೂ ಬರುತ್ತದೆಯೇ. ಹತೋಟಿಯಲ್ಲಿಲ್ಲದ ಫಿಟ್ಸ್ ಇರುವವರನ್ನು ಕುದುರೆ ಹತ್ತಿಸುವಂತಿಲ್ಲ. ಪ್ರಜ್ಞೆ ತಪ್ಪಿ ಮೈ ಸೆಟೆದುಕೊಂಡರೆ ಪಕ್ಕದಲ್ಲಿರುವ ಇಬ್ಬರ ಹಿಡಿತವೂ ಸಾಲದೆ ಹೋಗಬಹುದು. ಆ ಪ್ರಶ್ನೆಗೆ ಅಂದು ಶಿವಮಲ್ಲಪ್ಪನವರು ಥಟ್ಟನೆ "ಇಲ್ಲ" ಎಂದಿದ್ದರು.

ಅವರ ಕಡೆ ತಿರುಗಿದೆ. ಅವರು ನೆಲ ನೋಡುತ್ತ ನಿಂತರು. "ಯೋಳುದ್ರೆ ನೀವು ಸೇರಿಸ್ಕಳಾಕಿಲ್ಲ ಅಂತ... ಇನ್ನೊಂದ್ ಕಡೆ ಅಂಗೇ ಮಾಡುದ್ರು ಮೇಡಮ್ಮೋರೆ. ಫಿಟ್ಸು ಅಂದೇಟ್ಗೆ ಬಾಗ್ಲಲ್ಲೇ ಕಳ್ಸುದ್ರು."

ನಾನು ದನಿಯೇರಿಸಲಿಲ್ಲ. ಏರಿಸುವ ಶಕ್ತಿಯೂ ಇರಲಿಲ್ಲ. "ನರರೋಗ ತಜ್ಞರು ನೋಡಿ ಹೇಳೋವರೆಗೆ ಪಲ್ಲವಿ ಕುದುರೆ ಹತ್ತೋ ಹಾಗಿಲ್ಲ," ಎಂದಷ್ಟೇ ಹೇಳಿದೆ. ಪಲ್ಲವಿ ನನ್ನನ್ನು ಒಂದು ಸಲ ನೋಡಿ, ಮುಖವನ್ನು ಲಾಯದ ಕಡೆಗೆ ತಿರುಗಿಸಿಕೊಂಡಳು. ಕಾರು ಹತ್ತುವವರೆಗೂ ಮತ್ತೆ ಈ ಕಡೆ ನೋಡಲಿಲ್ಲ.

ಅಂದು ಬಸ್ಸಿನಲ್ಲಿ ಮೈಸೂರಿಗೆ ಹಿಂದಿರುಗುವಾಗ ನನಗೆ ಆ ಮಳೆಗಾಲದ ಒಂದೊಂದು ದಿನವೂ ನೆನಪಾಗುತ್ತ ಹೋಯಿತು. ಸುನೀತಾ ಹೊಸಬಳಾಗಿದ್ದ ದಿನ, ನೆಲ ಒದ್ದೆಯಾಗಿ ಚಾಂದನಿ ಒಮ್ಮೆ ಮುಗ್ಗರಿಸಿದ ದಿನ, ಪಲ್ಲವಿ ನಗುನಗುತ್ತ ಹಿಂದಕ್ಕೆ ಬಾಗಿದ ದಿನ. ಆಗದೇ ಹೋದದ್ದಕ್ಕೆ ಹೆದರುವುದು ಅರ್ಥವಿಲ್ಲದ್ದು ಎಂದು ರೋಗಿಗಳಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ನನಗೆ ಅದು ಕೆಲಸಕ್ಕೆ ಬರಲಿಲ್ಲ.

ಮೈಸೂರಿನ ನರರೋಗ ತಜ್ಞರು ಹಳೆಯ ಚೀಟಿಗಳನ್ನು ತರಿಸಿ ನೋಡಿದರು, ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಮಾಡಿಸಿದರು. ಚಿಕ್ಕಂದಿನಲ್ಲಿ ಜ್ವರದ ಜೊತೆ ಕೆಲವು ಸಲ, ಆಮೇಲೆ ಜ್ವರವಿಲ್ಲದೆಯೂ ಒಮ್ಮೆ ಫಿಟ್ಸ್ ಬಂದಿತ್ತು. ಅದಾಗಿ ವರ್ಷಗಳೇ ಕಳೆದಿದ್ದವು, ಮಾತ್ರೆಯೂ ನಿಂತಿತ್ತು. "ಮುಂದೆ ಬರೋದೇ ಇಲ್ಲ ಅಂತ ನಾನು ಬರೆದುಕೊಡಲಾರೆ. ಎಚ್ಚರಿಕೆಯಿಂದ ಮಾಡಿಸಬಹುದು ಅಂತ ಬರೆಯಬಲ್ಲೆ," ಎಂದರು. ಏನೇನು ಗಮನಿಸಬೇಕೆಂದೂ ಹೇಳಿದರು: ದೃಷ್ಟಿ ಒಂದೇ ಕಡೆ ನೆಡುವುದು, ಮೈ ಸೆಟೆಯುವುದು, ಉಸಿರು ಕಟ್ಟುವುದು, ಹೆಸರು ಹಿಡಿದು ಕರೆದರೆ ಉತ್ತರ ಕೊಡದಿರುವುದು.

ಇದೆಲ್ಲ ಮುಗಿಯುವಷ್ಟರಲ್ಲಿ ವಾರಗಳು ಉರುಳಿದ್ದವು. ಪಲ್ಲವಿಯ ತೊಡೆ ಮತ್ತೆ ಬಿಗಿಯತೊಡಗಿತ್ತು. ಕಟ್ಟಿ ಕೂರಿಸಿದರೆ ಊಟ ಬೇಡವೆನ್ನುತ್ತಾಳೆ ಎಂದು ಮಂಜುಳಾ ಫೋನಿನಲ್ಲಿ ಅತ್ತರು. ಕೇಂದ್ರದ ಟ್ರಸ್ಟಿಯೊಬ್ಬರು, "ಹೊಸ ಸಂಸ್ಥೆ ಮೇಡಂ. ಏನಾದ್ರೂ ಆಗಿಹೋದ್ರೆ ಬಾಗಿಲು ಹಾಕಬೇಕಾಗುತ್ತೆ. ತೀರ್ಮಾನ ನಿಮಗೇ ಬಿಟ್ಟಿದ್ದು," ಎಂದರು. ತೀರ್ಮಾನ ನಮಗೇ ಬಿಡುವವರು ಭಾರವನ್ನೂ ನಮ್ಮ ಮೇಲೇ ಬಿಟ್ಟು ಹೋಗುತ್ತಾರೆ.

ಗಂಡಹೆಂಡತಿಯನ್ನು ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈಗ ಹಿಂಜರಿದವರು ಶಿವಮಲ್ಲಪ್ಪನವರೇ. "ಬ್ಯಾಡ ಬುಡಿ ಮೇಡಮ್ಮೋರೆ. ಇರೋದು ಒಂದ್ ಮಗು. ಅದ್ಕೇನಾರಾ ಆದ್ರೆ ನಾನು ಬದ್ಕಿರಾಕಿಲ್ಲ."

ಮಂಜುಳಾ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನೀವು ಸುಮ್ನಿರಿ. ದಿನಾ ಕಟ್ಟೋಳು ನಾನು. ಕಟ್ವಾಗ ಅವ್ಳು ನನ್ ಮಕ ನೋಡ್ತಾಳಲ್ಲ, ಅದು ನಿಮ್ಗೆ ಗೊತ್ತಿಲ್ಲ. ಮೇಡಂ, ನಂಗೂ ಭಯ ಅದೆ. ಭಯ ಇಟ್ಕಂಡೇ ಕರ್ಕೊಂಡ್ ಬತ್ತೀನಿ."

ಪಲ್ಲವಿ ಬರುವ ಮುನ್ನ ನಾವು ಮೂವರೂ ತುರ್ತಾಗಿ ಇಳಿಸುವುದನ್ನು ಅಭ್ಯಾಸ ಮಾಡಿದೆವು. ಅದಕ್ಕೊಂದು ಕ್ರಮವಿದೆ. ಥೆರಪಿಸ್ಟ್ "ಇಳಿಸಿ" ಎಂದ ಕ್ಷಣ ಹಗ್ಗ ಹಿಡಿದವರು ಕುದುರೆಯನ್ನು ನಿಲ್ಲಿಸಿ ಅದರ ಮುಖದೆದುರು ಬರಬೇಕು. ಒಂದು ಪಕ್ಕದವರು ಸವಾರರ ಕಾಲು ದಾಟಿಸಬೇಕು, ಇನ್ನೊಂದು ಪಕ್ಕದವರು ಸೊಂಟ ತಬ್ಬಿ ನೆಲಕ್ಕೆ ತರಬೇಕು. ಸುನೀತಾಳನ್ನೇ ಕೂರಿಸಿ ಇಳಿಸಿದೆವು, ಆಮೇಲೆ ಮರಳು ತುಂಬಿದ ಚೀಲವನ್ನು. ಖಲೀಲರು ಬೆವರು ಒರೆಸಿಕೊಳ್ಳುತ್ತ, "ಇಷ್ಟೆಲ್ಲ ಮಾಡಿದ ಮೇಲೆ ಅದು ಬರೋದೇ ಇಲ್ಲ ಬಿಡಿ ಮೇಡಂ," ಎಂದರು. ನಾನು ನಗಲಿಲ್ಲ.

ಪಲ್ಲವಿ ಮರಳಿ ಬಂದದ್ದು ಧನುರ್ಮಾಸದ ಒಂದು ಬೆಳಿಗ್ಗೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವಳ ತಲೆಗೆ ಹೆಲ್ಮೆಟ್ ಕಟ್ಟುವಾಗ ನಾನು ಪಟ್ಟಿಯನ್ನು ಮತ್ತೆ ಮತ್ತೆ ಎಳೆದು ನೋಡಿದೆ, ಅವಳು ಅದನ್ನು ಗಮನಿಸಿದಳು. ಕುದುರೆಯ ಮೇಲೆ ಕೂತವಳೇ ಬಗ್ಗಿ ಚಾಂದನಿಯ ಕತ್ತಿಗೆ ಕೆನ್ನೆ ಒತ್ತಿದಳು.

ಮೊದಲ ಸುತ್ತು ಸರಾಗವಾಗಿ ಆಯಿತು. ನಾನು ಹೆಜ್ಜೆಹೆಜ್ಜೆಗೂ ಅವಳ ಮುಖ ನೋಡುತ್ತ, ಏನಾದರೊಂದು ಕೇಳುತ್ತ ನಡೆದೆ. ತಿಂಡಿ ಏನು ತಿಂದೆ, ಚಳಿಯಾ, ಟೀಚರ್ ಹೆಸರೇನು. ಅವಳು ಒಂದೊಂದೇ ಪದದಲ್ಲಿ ಉತ್ತರಿಸಿದಳು. ಎರಡನೇ ಸುತ್ತಿನ ನಡುವೆ ರಸ್ತೆಯಲ್ಲಿ ಹಾಡು ಹಾಕಿಕೊಂಡ ಟ್ರ್ಯಾಕ್ಟರೊಂದು ಹಾದುಹೋಯಿತು. ಚಾಂದನಿಯ ಒಂದು ಕಿವಿ ಆ ಕಡೆ ತಿರುಗಿತು, ಅಷ್ಟೆ. ನಾನೂ ಒಂದು ಗಳಿಗೆ ಆ ಕಡೆ ನೋಡಿದೆ.

ಮತ್ತೆ ತಿರುಗಿದಾಗ ಪಲ್ಲವಿಯ ಎರಡು ಕೈಗಳೂ ಹಿಡಿಯ ಮೇಲಿರಲಿಲ್ಲ. ಗಾಳಿಯಲ್ಲಿ ಸೆಟೆದು ನಿಂತಿದ್ದವು. ಬೆನ್ನು ಕಂಬದಂತೆ ನೇರವಾಗಿತ್ತು. ಕಣ್ಣು ಕುದುರೆಯ ಕಿವಿಗಳ ನಡುವೆ ನೆಟ್ಟಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಎದೆ ಏರಿಳಿಯುತ್ತಿರಲಿಲ್ಲ.

"ಪಲ್ಲವಿ," ಎಂದೆ. ಉತ್ತರವಿಲ್ಲ.

"ಪಲ್ಲವೀ!"

ಇಲ್ಲ.

"ಇಳಿಸಿ!" ಎಂದು ಕೂಗಿದೆ. ಖಲೀಲರು ಕುದುರೆಯನ್ನು ನಿಲ್ಲಿಸಿ ಅದರ ಮುಂದೆ ಬಂದದ್ದು, ಸುನೀತಾ ಕಾಲು ದಾಟಿಸಿದ್ದು, ಪಲ್ಲವಿಯ ಭಾರವೆಲ್ಲ ನನ್ನ ತೋಳಿಗೆ ಬಂದದ್ದು ಎಲ್ಲ ಒಂದೇ ಉಸಿರಿನಲ್ಲಿ ನಡೆಯಿತು. ಮರಳಿನ ಮೇಲೆ ಅವಳನ್ನು ಒಂದು ಮಗ್ಗುಲಾಗಿ ಮಲಗಿಸಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದೆ. ಬೇಲಿಯ ಕಡೆಯಿಂದ ಏನೋ ಮುರಿದ ಸದ್ದು. ಶಿವಮಲ್ಲಪ್ಪನವರು ಬೇಲಿ ಹಾರಿ, ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. "ನಾನ್ ಬ್ಯಾಡ ಅಂದ್ನಲ್ಲಾ! ಕಾರ್ಗೆ ಎತ್ತಾಕಿ, ಆಸ್ಪತ್ರೆಗೆ ಓಗಾನ!"

ಅಷ್ಟರಲ್ಲಿ ನನ್ನ ಕೈಕೆಳಗಿನ ಮೈ ಅಲುಗಿತು. ಪಲ್ಲವಿ ನನ್ನ ಕೈಯನ್ನು ತಳ್ಳುತ್ತಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಅದು ಎಚ್ಚರ ತಪ್ಪಿ ಎದ್ದವರ ಮಬ್ಬು ಮುಖವಾಗಿರಲಿಲ್ಲ. ಕೆರಳಿದ ಮುಖ.

"ಯಾಕ್... ಇಳ್ಸುದ್ರಿ?"

ನಾನು ಬಗ್ಗಿ ಅವಳ ಕಣ್ಣು ಪರೀಕ್ಷಿಸಿದೆ.

"ನಾನೇ... ಬಿಟ್ಟಿದ್ದು. ಕೈ... ನಾನೇ ಬಿಟ್ಟಿದ್ದು."

"ಕರೆದೆನಲ್ಲಮ್ಮ ನಾನು? ಎರಡು ಸಲ ಕರೆದೆ. ಯಾಕೆ ಮಾತಾಡಲಿಲ್ಲ?"

ಅವಳು ಬಾಯಿ ಸರಿಮಾಡಿಕೊಳ್ಳಲು ಹೆಣಗಿದಳು. ಒಂದೊಂದು ಪದಕ್ಕೂ ಭುಜ ಎಳೆಯುತ್ತಿತ್ತು, ಕತ್ತು ವಾಲುತ್ತಿತ್ತು, ಮೈಯೆಲ್ಲ ಬಿಗಿಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ, ಅವಳು ಹೇಳಿ ಮುಗಿಸುವ ಮೊದಲೇ, ನನಗೆ ಅರ್ಥವಾಯಿತು.

"ಮಾತಾಡಿದ್ರೆ... ಬಿದ್ದೋಗ್ತಿದ್ದೆ."

ನಮಗೆ ಮಾತೆಂದರೆ ಬಾಯಿಯ ಕೆಲಸ. ಪಲ್ಲವಿಗೆ ಅದು ಇಡೀ ಮೈಯ ಕೆಲಸ. ಬೆನ್ನು ನೇರ ಹಿಡಿಯಲೂ ಇಡೀ ಮೈ ಬೇಕಿತ್ತು. ಎರಡನ್ನೂ ಒಟ್ಟಿಗೆ ಮಾಡುವಂತಿರಲಿಲ್ಲ. ಅವಳು ಉಸಿರು ಹಿಡಿದು, ಕಣ್ಣು ಒಂದು ಕಡೆ ನೆಟ್ಟು, ತನ್ನಲ್ಲಿದ್ದದ್ದನ್ನೆಲ್ಲ ಕೂಡಿಸಿ ಹುಟ್ಟಿದ ಮೇಲೆ ಮೊದಲ ಬಾರಿಗೆ ಬೆನ್ನಿಗೂ ಕೈಗೂ ಯಾವ ಆಸರೆಯೂ ಇಲ್ಲದೆ ಕೂತಿದ್ದಳು. ವೈದ್ಯರು ಹೇಳಿದ್ದ ಲಕ್ಷಣಗಳೆಲ್ಲ ಅದರಲ್ಲಿದ್ದವು. ಆ ಹೊತ್ತಿಗೆ ಸರಿಯಾಗಿ ನಾನು ಅವಳನ್ನು ಕೆಳಗೆ ಎಳೆದುಕೊಂಡಿದ್ದೆ.

ಆದರೂ ಅವಳ ಮಾತನ್ನೇ ನಂಬಿ ಬಿಡುವಂತಿರಲಿಲ್ಲ. ನಾಡಿ ನೋಡಿದೆ. ಅಂದು ಯಾವ ವಾರವೆಂದು ಕೇಳಿದೆ, ನನ್ನ ಕೈ ಹಿಂಡಲು ಹೇಳಿದೆ. ಎಲ್ಲ ಸರಿಯಿತ್ತು. ಮೈಸೂರಿಗೆ ಫೋನು ಮಾಡಿದೆ. "ಇಳಿಸಿದ ಮೇಲೆ ಮಂಪರು ಇತ್ತಾ? ಗೊಂದಲ?" ಎಂದು ತಜ್ಞರು ಕೇಳಿದರು. "ಇಲ್ಲ ಸಾರ್, ಬೈಯುತ್ತಿದ್ದಾಳೆ," ಎಂದೆ. ಅವರು ನಕ್ಕರು. "ಫಿಟ್ಸ್ ಮುಗಿದ ತಕ್ಷಣ ಯಾರೂ ಇಷ್ಟು ಸ್ಪಷ್ಟವಾಗಿ ಬೈಯೋದು ಕಷ್ಟ. ಮುಂದಿನದು ನೀವೇ ನೋಡಿ."

ಮರದ ನೆರಳಲ್ಲಿ ಅವಳನ್ನು ಕೂರಿಸಿ ನೀರು ಕುಡಿಸಿದೆವು. ಮಂಜುಳಾ ಮಗಳ ಬೆನ್ನಿಗಂಟಿದ ಮರಳು ಒರೆಸುತ್ತಲೇ ಅಳುತ್ತಿದ್ದರು, ನಡುನಡುವೆ ನಗುತ್ತಿದ್ದರು. ಶಿವಮಲ್ಲಪ್ಪನವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ಇನ್ನೊಂದು ಸಲ ಹತ್ತುತ್ತೀನಿ ಅಂದರೆ, ಇದು ಫಿಟ್ಸೋ ನೀನು ಮಾಡ್ತಿರೋದೋ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದು ಪಲ್ಲವಿಯನ್ನು ಕೇಳಿದೆ. ಅದು ಗದರಿಕೆಯಾಗಿರಲಿಲ್ಲ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಯೋಚಿಸಿದಳು. "ಮೊದ್ಲೇ... ಹೇಳ್ತೀನಿ."

"ನೀನು ಹೇಳದೆ ಕೈ ಬಿಟ್ಟರೆ ನಾನು ಮತ್ತೆ ಇಳಿಸ್ತೀನಿ."

"ಹೂಂ."

"ಇವತ್ತು ಬ್ಯಾಡ ಕಂದಾ," ಎಂದರು ಶಿವಮಲ್ಲಪ್ಪ. "ಅಪ್ಪಾಜಿ... ಸುಮ್ನಿರಿ," ಎಂದಳು ಮಗಳು.

ಇವತ್ತು ಸಾಕು ಎಂದು ಮನೆಗೆ ಕಳಿಸಿದ್ದರೆ ನನ್ನನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಹಾಗೆ ಕಳಿಸಿದರೆ, ತಾನು ಮೊದಲ ಬಾರಿಗೆ ನೆಟ್ಟಗೆ ಕೂತದ್ದಕ್ಕೆ ಎಲ್ಲರೂ ಹೆದರಿ ಓಡಿಬಂದರು ಎಂಬುದೊಂದೇ ಅವಳ ಪಾಲಿಗೆ ಉಳಿಯುತ್ತಿತ್ತು. ಖಲೀಲರ ಕಡೆ ನೋಡಿದೆ. ಅವರು ಚಾಂದನಿಯ ಹಣೆ ಸವರಿ, "ಇವಳು ಆರಾಮಾಗಿದ್ದಾಳೆ," ಎಂದರು. ಸುನೀತಾ ಸುಮ್ಮನೆ ಬಲಗಡೆಯ ತನ್ನ ಜಾಗಕ್ಕೆ ಹೋಗಿ ನಿಂತಳು.

ಮತ್ತೆ ಹತ್ತಿಸಿದೆವು. ಕುದುರೆ ನಾಲ್ಕಾರು ಹೆಜ್ಜೆ ಹಾಕಿದ ಮೇಲೆ ಪಲ್ಲವಿ, "ಈಗ... ಬಿಡ್ತೀನಿ," ಎಂದಳು. ಬಿಟ್ಟಳು. ಅದೇ ಸೆಟೆದ ಕೈ, ಅದೇ ನೆಟ್ಟ ಕಣ್ಣು, ಅದೇ ನಿಂತ ಉಸಿರು. ನೋಡಲು ಆಗಿನದಕ್ಕೂ ಈಗಿನದಕ್ಕೂ ಏನೇನೂ ವ್ಯತ್ಯಾಸವಿರಲಿಲ್ಲ. "ಇಳಿಸಿ" ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಹಲ್ಲು ಕಚ್ಚಿ ತಡೆದುಕೊಂಡು ನಡೆದೆ. ಅಂಗಳದ ಮೂಲೆ ತಿರುಗುವ ಮುನ್ನ ಅವಳು ಹಿಡಿಗಳನ್ನು ಮತ್ತೆ ಹಿಡಿದು, ಗಟ್ಟಿಯಾಗಿ ಉಸಿರು ಬಿಟ್ಟಳು. ನಾನೂ ಬಿಟ್ಟೆ.

ಆಮೇಲಿನದನ್ನೂ ಹೇಳಬೇಕು. ಪಲ್ಲವಿ ನಡೆಯಲಿಲ್ಲ, ನಡೆಯುತ್ತಾಳೆಂದು ನಾನು ಹೇಳಿಯೂ ಇರಲಿಲ್ಲ. ಒಂಬತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಕಟ್ಟಿಲ್ಲದೆ ಕುರ್ಚಿಯಲ್ಲಿ ಕೂತು ಪಾಠ ಕೇಳುತ್ತಿದ್ದಳು. ಮುಂದಿನ ವರ್ಷ, ಕುದುರೆಯ ಮೇಲಲ್ಲ, ಮನೆಯಲ್ಲಿ ಟಿವಿ ನೋಡುವಾಗ, ಅವಳಿಗೆ ನಿಜವಾಗಿಯೂ ಫಿಟ್ಸ್ ಬಂತು. ಶಿವಮಲ್ಲಪ್ಪನವರು ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದಲೇ ಮೊದಲು ನನಗೆ ಫೋನು ಮಾಡಿದರು. "ಫಿಟ್ಸ್ ಬಂದ್ಬುಡ್ತು ಮೇಡಮ್ಮೋರೆ. ಮುಚ್ಚಿಡಾಕಿಲ್ಲ ನಾನು." ಮಾತ್ರೆ ಮತ್ತೆ ಶುರುವಾಯಿತು, ಕೆಲವು ತಿಂಗಳು ಕುದುರೆ ನಿಂತಿತು. ಆಮೇಲೆ ತಜ್ಞರು ಒಪ್ಪಿದ ಮೇಲೆ ಅವಳು ಮರಳಿ ಬಂದಳು, ಈಗಲೂ ಬರುತ್ತಾಳೆ. ನನ್ನ ಭಯ ಸುಳ್ಳಾಗಿರಲಿಲ್ಲ. ಆ ಧನುರ್ಮಾಸದ ಬೆಳಿಗ್ಗೆ ಮತ್ತೆ ಬಂದು, ಯಾರೇ ಆಗಲಿ ಏನೂ ಹೇಳದೆ ಕೈ ಬಿಟ್ಟರೆ ನಾನು ಇವತ್ತಿಗೂ ಇಳಿಸುತ್ತೇನೆ.

ಬದಲಾದದ್ದು ಬೇರೆ. ಅಷ್ಟು ವರ್ಷದ ಕೆಲಸದಲ್ಲಿ ರೋಗಿಗೆ ಏನಾಗಬಹುದು ಎಂದು ಮುಂಗಂಡು ಸಿದ್ಧಳಾಗಿರುವುದು ನನಗೆ ಚೆನ್ನಾಗಿ ಬರುತ್ತಿತ್ತು. ರೋಗಿ ಏನು ಮಾಡಲಿದ್ದಾರೆ ಎಂದು ಕೇಳುವುದು ಬರುತ್ತಿರಲಿಲ್ಲ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಈಗ ನಾವು ಯಾರನ್ನೇ ಹತ್ತಿಸುವ ಮುನ್ನ, ಹೆಲ್ಮೆಟ್ ಕಟ್ಟುತ್ತ, "ಇವತ್ತು ಏನು ಮಾಡಿ ನೋಡಬೇಕು ಅಂತಿದ್ದೀರಿ?" ಎಂದು ಕೇಳುತ್ತೇವೆ. ಮಾತು ಬಾರದವರು ಕೈಯಲ್ಲಿ ತೋರಿಸುತ್ತಾರೆ. ಉತ್ತರಕ್ಕೆ ಎಷ್ಟು ಹೊತ್ತಾದರೂ ಚಾಂದನಿ ಕಾಯುತ್ತಾಳೆ.

ಮೊನ್ನೆ ಪಾರ್ಶ್ವವಾಯುವಿನಿಂದ ಎಡಗೈ ಸೋತ ಮುಡುಕುತೊರೆಯ ನಿವೃತ್ತ ಮೇಷ್ಟ್ರೊಬ್ಬರನ್ನು ಹಾಗೆ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು.

"ಇವತ್ತೇನೂ ಬೇಡ ಮೇಡಂ," ಎಂದರು. "ಇವತ್ತು ಸುಮ್ನೆ ಕೂತಿರ್ತೀನಿ."

ಸುಮ್ಮನೆ ಕೂರಿಸಿಕೊಂಡು ಸುತ್ತು ಹಾಕಿದೆವು.